ಮಂಜಿನ ಘಟ್ಟದಲ್ಲಿ ವಿಷಗಾಳಿಯ ಲೆಕ್ಕ

ಸಕಲೇಶಪುರ ದಾಟಿ ಮಂಗಳೂರಿನತ್ತ ಹೊರಟರೆ ಹೆದ್ದಾರಿಯ ಪಕ್ಕದ ಗುಡ್ಡವೊಂದರ ನೆತ್ತಿಯಲ್ಲಿ ಮಂಜರಾಬಾದ್ ಕೋಟೆ ಸಿಗುತ್ತದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರದಾಕಾರದ ಕೋಟೆ ಇದು. ಕರಾವಳಿಯಿಂದ ಘಟ್ಟವೇರಿ ಶ್ರೀರಂಗಪಟ್ಟಣದತ್ತ ಸಾಗುವ ದಾರಿಯ ಮೇಲೆ ಕಣ್ಣಿಡುವುದು ಇದರ ಉದ್ದೇಶ. ಸುತ್ತಲೂ ಮಂಜು ಮುಸುಕಿದ್ದನ್ನು ಕಂಡೇ ಸುಲ್ತಾನನು ಈ ಹೆಸರಿಟ್ಟನೆಂಬ ಪ್ರತೀತಿ ಊರಿನಲ್ಲಿದೆ. ಕೋಟೆಯ ನಡುವಿನ ತಂಪಾದ ನೆಲಮಾಳಿಗೆಗಳಲ್ಲಿ ಮದ್ದಿನ ಪುಡಿಯನ್ನು ಕೂಡಿಡುತ್ತಿದ್ದರೆಂದೂ ಹೇಳುತ್ತಾರೆ. ಬೆಂಕಿ ತಗುಲಿದರೆ ಅನಾಹುತ ಮಾಡುವ ವಸ್ತುವನ್ನು ಎಲ್ಲಿಡಬೇಕು, ಜನವಸತಿಯಿಂದ ಎಷ್ಟು ದೂರವಿಡಬೇಕು ಎಂಬ ಯೋಚನೆ ಈ ಬೆಟ್ಟಗಳಿಗೆ ಹೊಸದಲ್ಲ.

ಇಂದು ಅದೇ ದಾರಿಯಲ್ಲಿ ಮದ್ದಿನ ಗಾಡಿಗಳ ಬದಲು ಟ್ಯಾಂಕರುಗಳು ಏರುತ್ತವೆ. ಪಣಂಬೂರಿನ ಬಂದರು, 1970ರ ದಶಕದಲ್ಲಿ ಉತ್ಪಾದನೆ ಆರಂಭಿಸಿದ ರಸಗೊಬ್ಬರ ಕಾರ್ಖಾನೆ, 1990ರ ದಶಕದಲ್ಲಿ ಎದ್ದು ನಿಂತ ತೈಲ ಶುದ್ಧೀಕರಣಾಗಾರ ಇವುಗಳ ಬೆಳವಣಿಗೆಯೊಂದಿಗೆ ಶಿರಾಡಿ ಘಾಟಿಯು ರಾಸಾಯನಿಕಗಳ ಹೆದ್ದಾರಿಯೂ ಆಯಿತು. 2003ರಲ್ಲಿ ಮಂಗಳೂರು–ಹಾಸನ–ಬೆಂಗಳೂರು ಕೊಳವೆ ಮಾರ್ಗ ಕಾರ್ಯಾರಂಭ ಮಾಡಿದ ಮೇಲೆ ಪೆಟ್ರೋಲ್ ಮತ್ತು ಡೀಸೆಲ್‌ನ ದೊಡ್ಡ ಪಾಲು ನೆಲದಡಿಗೆ ಸರಿಯಿತು. ಮುಂದೆ ಅಡುಗೆ ಅನಿಲಕ್ಕೂ ಹಾಸನ, ಮೈಸೂರುಗಳ ಮೂಲಕ ಕೊಳವೆ ಬಂತು. ಆದರೂ ಜನರ ಬಾಯಲ್ಲಿ ‘ಬುಲೆಟ್ ಟ್ಯಾಂಕರ್’ ಎನಿಸಿಕೊಂಡ ಉದ್ದನೆಯ ಅನಿಲ ವಾಹನಗಳು ಮಾರನಹಳ್ಳಿ, ದೋಣಿಗಾಲ್‌ಗಳ ತಿರುವುಗಳಲ್ಲಿ ಇಂದಿಗೂ ಕಾಣಿಸುತ್ತವೆ. ಆಲೂರು ತಾಲ್ಲೂಕಿನ ಪಾಳ್ಯದಲ್ಲೂ ಬಾಳ್ಳುಪೇಟೆಯಲ್ಲೂ ಅಂಗಡಿ ಸಾಲಿನ ಮುಂದೆಯೇ ಹಾದು ಹೋಗುತ್ತವೆ.

ಇಂಥದ್ದೊಂದು ಟ್ಯಾಂಕರ್ ಮಗುಚಿ ಬಿದ್ದರೆ ಎಷ್ಟು ದೂರದವರೆಗೆ ಜನರನ್ನು ತೆರವು ಮಾಡಬೇಕು? ಯಾವ ದಿಕ್ಕಿಗೆ ಕಳುಹಿಸಬೇಕು? ಮನೆ ಬಿಟ್ಟು ಓಡುವುದು ಲೇಸೋ, ಬಾಗಿಲು ಕಿಟಕಿ ಮುಚ್ಚಿ ಒಳಗಿರುವುದು ಲೇಸೋ? ಹತ್ತು ನಿಮಿಷಗಳಲ್ಲಿ ಉತ್ತರ ಬೇಕಾಗುವ ಈ ಪ್ರಶ್ನೆಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿದ ಕಥೆಗೆ ಒಂದು ಶತಮಾನದ ಹಿನ್ನೆಲೆಯಿದೆ. ಅದರ ಕೊನೆಯ ಅಧ್ಯಾಯವನ್ನು ಮಲೆನಾಡಿನಂಥ ಗುಡ್ಡಗಾಡು ಇನ್ನೂ ಬರೆದು ಮುಗಿಸಬೇಕಾಗಿದೆ.

ಯುದ್ಧಭೂಮಿಯಲ್ಲಿ ಹುಟ್ಟಿದ ಗಣಿತ

ವಿಷಗಾಳಿ ಹೇಗೆ ಹರಡುತ್ತದೆ ಎಂಬ ಅಧ್ಯಯನ ಆರಂಭವಾದದ್ದು ಜನರನ್ನು ಕಾಪಾಡುವ ಉದ್ದೇಶದಿಂದಲ್ಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೇನೆ ಸಿಲಿಂಡರುಗಳಿಂದ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ಗಾಳಿಯ ದಿಕ್ಕು ಬದಲಾದರೆ ಬಿಟ್ಟವರಿಗೇ ಅಪಾಯ. ಹೀಗಾಗಿ ಗಾಳಿಯ ಸ್ವಭಾವವನ್ನು ತಿಳಿಯುವುದು ಸೈನಿಕ ಅಗತ್ಯವಾಯಿತು. ಬ್ರಿಟನ್ನಿನ ಪೋರ್ಟನ್ ಡೌನ್‌ನಲ್ಲಿ ವಿಜ್ಞಾನಿಗಳು ಹೊಗೆ ಬಿಟ್ಟು, ಅಳೆದು, ಸೂತ್ರಗಳನ್ನು ಕಟ್ಟಿದರು. ಹೊಗೆಯ ನಡುವಿನಲ್ಲಿ ಅನಿಲ ದಟ್ಟವಾಗಿಯೂ ಅಂಚಿಗೆ ಹೋದಂತೆ ಗಂಟೆಯಾಕಾರದ ರೇಖೆಯಂತೆ ತೆಳುವಾಗಿಯೂ ಇರುತ್ತದೆ ಎಂಬುದು ಆ ಸೂತ್ರಗಳ ಸಾರ. ಗಣಿತಜ್ಞ ಗೌಸ್‌ನ ಹೆಸರಿನಲ್ಲಿ ಇದನ್ನು ‘ಗೌಸಿಯನ್’ ಮಾದರಿ ಎನ್ನುತ್ತಾರೆ.

ಬ್ರಿಟಿಷ್ ಹವಾಮಾನ ವಿಜ್ಞಾನಿ ಫ್ರಾಂಕ್ ಪಾಸ್ಕ್ವಿಲ್ 1961ರಲ್ಲಿ ಈ ಲೆಕ್ಕವನ್ನು ಜನಸಾಮಾನ್ಯರ ಕೈಗೆಟುಕುವಂತೆ ಸರಳಗೊಳಿಸಿದರು. ವಾತಾವರಣದ ಸ್ಥಿತಿಯನ್ನು ‘ಎ’ಯಿಂದ ‘ಎಫ್’ವರೆಗೆ ಆರು ವರ್ಗಗಳಾಗಿ ವಿಂಗಡಿಸಿದ್ದು ಅವರ ಕೊಡುಗೆ. ಸುಡು ಬಿಸಿಲಿನ ಮಧ್ಯಾಹ್ನ ನೆಲದ ಬಿಸಿಗಾಳಿ ಮೇಲೇರಿ ಎಲ್ಲವನ್ನೂ ಕಲಕುವುದರಿಂದ ಅನಿಲ ಬೇಗ ತೆಳುವಾಗುತ್ತದೆ. ಇದು ‘ಎ’ ವರ್ಗ. ನಿರಭ್ರ ರಾತ್ರಿಯಲ್ಲಿ, ಗಾಳಿ ಮಂದವಾಗಿದ್ದಾಗ, ನೆಲದ ಬಳಿಯ ತಣ್ಣನೆಯ ಗಾಳಿ ಅಲುಗಾಡದೆ ಮಲಗಿರುತ್ತದೆ. ಆಗ ಸೋರಿದ ಅನಿಲ ತೆಳುವಾಗದೆ ಬಹುದೂರ ತೆವಳುತ್ತದೆ. ಇದು ‘ಎಫ್’. ಬಿಸಿಲು, ಮೋಡ, ಗಾಳಿಯ ವೇಗ, ಇಷ್ಟನ್ನು ಗಮನಿಸಬಲ್ಲ ಯಾರಾದರೂ ಸರಿ, ವರ್ಗವನ್ನು ಗುರುತಿಸಬಹುದಿತ್ತು.

ಆದರೆ ಈ ಸೂತ್ರಗಳಲ್ಲಿ ಒಂದು ಕೊರತೆಯಿತ್ತು. ಅವು ಗಾಳಿಯಷ್ಟೇ ಹಗುರವಾದ ಹೊಗೆಗೆ ಹೊಂದುತ್ತಿದ್ದವು. ಅಡುಗೆ ಅನಿಲವಾಗಲಿ ಕ್ಲೋರಿನ್ ಆಗಲಿ ಗಾಳಿಗಿಂತ ಭಾರ. ಪ್ರೊಪೇನ್ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಸುಮಾರು ಎರಡು ಪಟ್ಟು ಭಾರ. ಇವು ಮೇಲೇರದೆ ನೀರಿನಂತೆ ತಗ್ಗಿಗೆ ಹರಿಯುತ್ತವೆ, ಚರಂಡಿಯಲ್ಲಿ ನಿಲ್ಲುತ್ತವೆ. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಥಾರ್ನಿ ಐಲ್ಯಾಂಡ್‌ನಲ್ಲಿಯೂ ಅಮೆರಿಕದ ಮರುಭೂಮಿಯಲ್ಲಿಯೂ ಭಾರದ ಅನಿಲಗಳನ್ನು ಬಯಲಿನಲ್ಲಿ ಬಿಟ್ಟು ದೊಡ್ಡ ಪ್ರಯೋಗಗಳನ್ನು ನಡೆಸಲಾಯಿತು. ಇವುಗಳಿಂದ ಬಂದ ಸಮೀಕರಣಗಳು ಕೈಲೆಕ್ಕಕ್ಕೆ ಬಗ್ಗುವಂಥವಲ್ಲ. ಗಣಕಯಂತ್ರ ಅನಿವಾರ್ಯವಾಯಿತು.

ಎರಡು ವಾರಗಳಲ್ಲಿ ಎರಡು ದುರಂತ

1984ರ ನವೆಂಬರ್ 19ರ ಮುಂಜಾನೆ ಮೆಕ್ಸಿಕೊ ನಗರದ ಅಂಚಿನ ಸಾನ್ ಹ್ವಾನಿಕೊದಲ್ಲಿ ಅಡುಗೆ ಅನಿಲದ ದಾಸ್ತಾನು ಕೇಂದ್ರ ಸಿಡಿದು ನೂರಾರು ಜನ ಸತ್ತರು. ಎರಡು ವಾರ ಕಳೆಯುವಷ್ಟರಲ್ಲಿ, ಡಿಸೆಂಬರ್ 2ರ ರಾತ್ರಿ, ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಹೊರಬಿತ್ತು. ಅದು ಚಳಿಗಾಲದ, ಗಾಳಿ ಮಂದವಾದ ರಾತ್ರಿ. ಪಾಸ್ಕ್ವಿಲ್‌ರ ವರ್ಗೀಕರಣದಲ್ಲಿ ಅತ್ಯಂತ ಅಪಾಯಕಾರಿಯಾದ ಹೊತ್ತು. ಸಾವಿರಾರು ಜನ ಪ್ರಾಣ ಬಿಟ್ಟರು. ಅನೇಕರು ಗಾಳಿ ಬೀಸುತ್ತಿದ್ದ ದಿಕ್ಕಿಗೇ, ಅನಿಲದ ಜೊತೆಯಲ್ಲೇ ಓಡಿದ್ದರು. ಅವರಿಗೆ ಯಾರೂ ದಿಕ್ಕು ಹೇಳಿರಲಿಲ್ಲ.

ಭೋಪಾಲದ ಬಳಿಕ ಭಾರತದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಹಾಗೂ ಆಮದಿನ ನಿಯಮಗಳು ರಚನೆಯಾದವು. ಅಮೆರಿಕದಲ್ಲಿ 1986ರಲ್ಲಿ ಬಂದ ಕಾನೂನು ಒಂದು ಹೊಸ ತತ್ತ್ವವನ್ನು ಮುಂದಿಟ್ಟಿತು: ಕಾರ್ಖಾನೆಯಲ್ಲಿ ಏನಿದೆ ಎಂಬುದನ್ನು ತಿಳಿಯುವ ಹಕ್ಕು ನೆರೆಹೊರೆಯವರಿಗಿದೆ. ಪ್ರತಿ ಪ್ರದೇಶಕ್ಕೂ ಒಂದು ತುರ್ತು ಯೋಜನಾ ಸಮಿತಿ, ಅದರ ಮುಂದೆ ರಾಶಿ ರಾಶಿ ಮಾಹಿತಿ. ಬೆಂಕಿ ಹೊತ್ತಿಕೊಂಡ ಗಳಿಗೆಯಲ್ಲಿ ಆ ರಾಶಿಯಿಂದ ಬೇಕಾದ ಒಂದು ಹಾಳೆಯನ್ನು ಹುಡುಕಿ ತೆಗೆಯುವವರು ಯಾರು?

ಅಗ್ನಿಶಾಮಕನ ಕೈಗೆ ಬಂದ ತಂತ್ರಾಂಶ

ಈ ಪ್ರಶ್ನೆಗೆ ಉತ್ತರ ಬಂದದ್ದು ಅಮೆರಿಕದ ರಾಷ್ಟ್ರೀಯ ಸಾಗರ ಹಾಗೂ ವಾತಾವರಣ ಆಡಳಿತ, ಅಂದರೆ ‘ನೋವಾ’ ಸಂಸ್ಥೆಯ ಸಿಯಾಟಲ್ ಕಚೇರಿಯಿಂದ. 1976ರಲ್ಲಿ ‘ಆರ್ಗೊ ಮರ್ಚೆಂಟ್’ ಎಂಬ ತೈಲ ಹಡಗು ಒಡೆದ ಬಳಿಕ ಸಮುದ್ರದ ಸೋರಿಕೆಗಳಿಗೆ ವೈಜ್ಞಾನಿಕ ಸಲಹೆ ನೀಡಲು ಕಟ್ಟಿದ ತಂಡ ಅದು. ಸಲಹೆ ಕೇಳಿ ಬರುವ ಕರೆಗಳಿಗೆ ಬೇಗ ಉತ್ತರಿಸಲೆಂದು ತಂಡದವರು ತಮ್ಮ ಬಳಕೆಗಾಗಿಯೇ ಒಂದು ಸಣ್ಣ ಲೆಕ್ಕಾಚಾರದ ಕಾರ್ಯಕ್ರಮವನ್ನು ಬರೆದುಕೊಂಡಿದ್ದರು. ಅದೇ ಮುಂದೆ ‘ಅಲೋಹಾ’ ಎಂದು ಹೆಸರಾಯಿತು. ರಾಸಾಯನಿಕಗಳ ಮಾಹಿತಿ ಭಂಡಾರವಾದ ‘ಕ್ಯಾಮಿಯೊ’, ನಕ್ಷೆ ಬಿಡಿಸುವ ‘ಮಾರ್‌ಪ್ಲಾಟ್’ ಇದರ ಜೊತೆಗೂಡಿದವು. 1988ರಿಂದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಕೈಜೋಡಿಸಿತು.

ಅಲ್ಲಿಯವರೆಗೆ ಇಂಥ ಲೆಕ್ಕಗಳು ದೊಡ್ಡ ಗಣಕಯಂತ್ರಗಳ ಕೋಣೆಯಲ್ಲಿ ನಡೆಯುತ್ತಿದ್ದವು. ತಜ್ಞರು ಅಂಕಿಗಳನ್ನು ಊಡಿಸುವುದು, ಗಂಟೆಗಟ್ಟಲೆ ಕಾಯುವುದು, ಬಂದ ಕಾಗದದ ಸುರುಳಿಯನ್ನು ಅರ್ಥೈಸುವುದು. ಸಿಯಾಟಲ್ ತಂಡ ಆರಿಸಿಕೊಂಡದ್ದು ಮೌಸ್ ಮತ್ತು ಪರದೆಯ ಪಟ್ಟಿಗಳುಳ್ಳ ಮ್ಯಾಕಿಂಟಾಶ್ ಎಂಬ ಪುಟ್ಟ ಯಂತ್ರವನ್ನು. ಬಳಸುವವನು ಗಣಿತಜ್ಞನಲ್ಲ, ಕೈಗವಸು ತೊಟ್ಟು ನಿದ್ದೆಗೆಟ್ಟ ಅಗ್ನಿಶಾಮಕ ಸಿಬ್ಬಂದಿ ಎಂಬುದು ಅವರ ವಿನ್ಯಾಸದ ಮೊದಲ ಸೂತ್ರ. ಹೀಗಾಗಿ ತಂತ್ರಾಂಶ ಕೇಳುವ ಪ್ರಶ್ನೆಗಳು ಕಡಿಮೆ. ಊರು ಯಾವುದು, ರಾಸಾಯನಿಕ ಯಾವುದು, ಗಾಳಿ ಎತ್ತಣಿಂದ, ಎಷ್ಟು ಜೋರು, ಮೋಡ ಎಷ್ಟಿದೆ, ಸೋರುತ್ತಿರುವುದು ತೊಟ್ಟಿಯಿಂದಲೋ ಕೊಳವೆಯಿಂದಲೋ ನೆಲದ ಮೇಲೆ ನಿಂತ ಮಡುವಿನಿಂದಲೋ?

ಉತ್ತರ ಕೊಟ್ಟ ಕೂಡಲೇ ಯಂತ್ರ ಅದನ್ನು ತೂಗಿ ನೋಡುತ್ತದೆ. ನಡುರಾತ್ರಿಯ ಹೊತ್ತನ್ನು ತಿಳಿಸಿ ‘ಎ’ ವರ್ಗವನ್ನು ಆರಿಸಹೊರಟರೆ ಒಂದಕ್ಕೊಂದು ಹೊಂದುತ್ತಿಲ್ಲವೆಂದು ಎಚ್ಚರಿಸುತ್ತದೆ. ಕೊನೆಗೆ ಪರದೆಯ ಮೇಲೆ ಸೋರಿಕೆಯ ಜಾಗದಿಂದ ಗಾಳಿ ಬೀಸುವತ್ತ ಚಾಚಿದ ಒಂದು ಆಕಾರ ಮೂಡುತ್ತದೆ. ಮೊದಲ ಆವೃತ್ತಿಗಳಲ್ಲಿ ಇದ್ದದ್ದು ಒಂದೇ ‘ಹೆಜ್ಜೆಗುರುತು’. ಬಳಿಕ ಕೆಂಪು, ಕಿತ್ತಳೆ, ಹಳದಿ ಎಂಬ ಮೂರು ಅಪಾಯ ವಲಯಗಳು ಬಂದವು. ಅದರ ಸುತ್ತ ಒಂದು ಗಡಿರೇಖೆ: ಗಾಳಿ ಸ್ವಲ್ಪ ತಿರುಗಿದರೆ ಅನಿಲ ಇಲ್ಲಿಯವರೆಗೂ ಬರಬಹುದು ಎಂಬ ಎಚ್ಚರಿಕೆ. ತನ್ನ ಉತ್ತರದ ಜೊತೆಯಲ್ಲೇ ತನ್ನ ಅನುಮಾನವನ್ನೂ ತೋರಿಸುವುದು ಈ ವಿನ್ಯಾಸದ ದೊಡ್ಡ ಗುಣ. ಒಂದು ಶಾಲೆಯನ್ನೋ ಆಸ್ಪತ್ರೆಯನ್ನೋ ಗುರುತಿಸಿದರೆ ಅಲ್ಲಿ ಕಟ್ಟಡದ ಒಳಗೆ ಎಷ್ಟು, ಹೊರಗೆ ಎಷ್ಟು ಅನಿಲವಿರಬಹುದೆಂಬ ರೇಖಾಚಿತ್ರವೂ ಸಿಗುತ್ತದೆ. ಓಡಬೇಕೋ ಒಳಗಿರಬೇಕೋ ಎಂಬ ತೀರ್ಮಾನಕ್ಕೆ ಅದು ಆಧಾರ. 2006ರ ಸುಮಾರಿಗೆ ಬೆಂಕಿ ಮತ್ತು ಸ್ಫೋಟದ ಲೆಕ್ಕವೂ ಸೇರಿಕೊಂಡಿತು. ಇಡೀ ತಂತ್ರಾಂಶ ಉಚಿತ.

ಸಕಲೇಶಪುರವನ್ನು ಊಡಿಸಿದರೆ

ಈ ತಂತ್ರಾಂಶಕ್ಕೆ ಅಮೆರಿಕದ ಹೊರಗಿನ ಊರನ್ನೂ ಸೇರಿಸಬಹುದು. ಹಾಗೆ ಸಕಲೇಶಪುರವನ್ನು ಸೇರಿಸಿದರೆ ಏನಾಗುತ್ತದೆ ಎಂಬುದು ಈ ಲೆಕ್ಕದ ಶಕ್ತಿ ಮತ್ತು ಮಿತಿ ಎರಡನ್ನೂ ತೋರಿಸುತ್ತದೆ.

ಅಕ್ಷಾಂಶ, ರೇಖಾಂಶಗಳನ್ನು ಅದು ಕೇಳುವುದು ಸೂರ್ಯನ ಕೋನವನ್ನು ತಿಳಿಯಲು. ಚೆಲ್ಲಿದ ದ್ರವ ಎಷ್ಟು ಬೇಗ ಆವಿಯಾಗುತ್ತದೆಂಬುದು ಬಿಸಿಲನ್ನು ಅವಲಂಬಿಸಿದೆ. ಸಮುದ್ರ ಮಟ್ಟದಿಂದ ಎತ್ತರವನ್ನೂ ಕೇಳುತ್ತದೆ. ಇಲ್ಲಿ ಅನೇಕರಿಗೆ ತಪ್ಪು ತಿಳಿವಳಿಕೆಯಾಗುವ ಸಂಭವವಿದೆ. ಸುಮಾರು 3,000 ಅಡಿ ಎಂದು ಬರೆದ ಮಾತ್ರಕ್ಕೆ ಅದಕ್ಕೆ ಗುಡ್ಡ, ಕಣಿವೆ, ಪ್ರಪಾತಗಳ ಅರಿವಾಗುವುದಿಲ್ಲ. ಎತ್ತರವನ್ನು ಅದು ಬಳಸುವುದು ಅಲ್ಲಿನ ಗಾಳಿಯ ಒತ್ತಡ ಎಷ್ಟೆಂದು ಲೆಕ್ಕ ಹಾಕಲು ಮಾತ್ರ. ಅದರ ಕಣ್ಣಿಗೆ ಸಕಲೇಶಪುರ 3,000 ಅಡಿ ಎತ್ತರದಲ್ಲಿರುವ ಒಂದು ಸಮತಟ್ಟಾದ ಬಯಲು.

ನೆಲದ ಸ್ವಭಾವವೇನು ಎಂದು ಕೇಳಿದಾಗ ‘ನಗರ ಅಥವಾ ಕಾಡು’ ಎಂಬ ಆಯ್ಕೆ ಇದೆ. ಸಿಲ್ವರ್ ಮರಗಳ ನೆರಳಿನ ಕಾಫಿ ತೋಟಕ್ಕೆ ಅದು ಒಂದು ಮಟ್ಟಿಗೆ ಹೊಂದುತ್ತದೆ. ರಾಸಾಯನಿಕದ ಪಟ್ಟಿಯಲ್ಲಿ ಬಹುತೇಕ ಶುದ್ಧ ವಸ್ತುಗಳೇ ಇರುವುದರಿಂದ, ಎರಡು ಅನಿಲಗಳ ಮಿಶ್ರಣವಾದ ಅಡುಗೆ ಅನಿಲಕ್ಕೆ ಪ್ರೊಪೇನ್ ಇಲ್ಲವೇ ಬ್ಯೂಟೇನ್ ಅನ್ನು ಪ್ರತಿನಿಧಿಯಾಗಿ ಆರಿಸಬೇಕಾಗುತ್ತದೆ. ಗಾಳಿಯ ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆಯೆಂದರೆ ಅದು ಒಪ್ಪುವುದೇ ಇಲ್ಲ. ಗಾಳಿ ತೀರ ಮಂದವಾದಾಗ ದಿಕ್ಕು ಯಾವುದೆಂದೇ ಹೇಳಲಾಗದು, ಹಾಗಾಗಿ ಲೆಕ್ಕ ಸುಳ್ಳಾಗುತ್ತದೆ ಎಂಬುದು ಅದರ ವಾದ. ಒಂದು ಗಂಟೆಗಿಂತ ಹೆಚ್ಚಿನ ಭವಿಷ್ಯವನ್ನೂ ಹತ್ತು ಕಿಲೋಮೀಟರಿನಾಚೆಯ ಸ್ಥಿತಿಯನ್ನೂ ಅದು ಹೇಳದು. ಅಷ್ಟರಲ್ಲಿ ಗಾಳಿಯೇ ಬದಲಾಗಿರುತ್ತದೆ. ಇವನ್ನೆಲ್ಲ ತಯಾರಿಸಿದವರೇ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಬೆಟ್ಟಗುಡ್ಡಗಳು ಗಾಳಿಯನ್ನು ತಿರುಗಿಸುವ ಬಗೆಯನ್ನು ತಮ್ಮ ಮಾದರಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದೂ ಒಪ್ಪಿಕೊಂಡಿದ್ದಾರೆ.

ಆದರೆ ಮಲೆನಾಡಿನ ಚಳಿಗಾಲದ ರಾತ್ರಿ ಎಂದರೆ ಈ ಎಲ್ಲ ವಿನಾಯಿತಿಗಳ ಮೊತ್ತ. ಗಾಳಿ ಅಲುಗದು. ಇಳಿಜಾರಿನ ತಣ್ಣನೆಯ ಗಾಳಿ ಮೆಲ್ಲನೆ ಜಾರಿ ಗದ್ದೆ ಬಯಲಿನಲ್ಲಿ ಕೂಡಿಕೊಳ್ಳುತ್ತದೆ. ಬೆಳಿಗ್ಗೆ ತೋಟದ ದಿಬ್ಬದಿಂದ ನೋಡಿದರೆ ಕಣಿವೆಯಲ್ಲಿ ಮಂಜು ಕೆರೆಯಂತೆ ನಿಂತಿರುವುದು ಕಾಣುತ್ತದೆ. ಎಲ್ಲಿ ಮಂಜು ನಿಲ್ಲುತ್ತದೋ ಅಲ್ಲಿಗೇ ಭಾರದ ಅನಿಲವೂ ಹರಿದು ಬರುತ್ತದೆ. ತಂತ್ರಾಂಶ ನೇರವಾದ ಒಂದು ಬಣ್ಣದ ಗರಿಯನ್ನು ಬಿಡಿಸಿದರೆ, ನಿಜವಾದ ಅನಿಲ ಹಳ್ಳದ ಜಾಡು ಹಿಡಿದು ಗದ್ದೆಯಂಚಿನ ಮನೆಗಳನ್ನು ತಲುಪಬಹುದು. ಯಾವ ತಗ್ಗಿನಲ್ಲಿ ಮಂಜು ತಡವಾಗಿ ಕರಗುತ್ತದೆ ಎಂಬುದು ಕಾಫಿ ಬೆಳೆಗಾರನಿಗೂ ಗದ್ದೆಗೆ ನೀರು ಕಟ್ಟುವವನಿಗೂ ಗೊತ್ತು. ಆ ತಿಳಿವಳಿಕೆಗೆ ಪರದೆಯ ಮೇಲೆ ಒಂದು ಖಾನೆ ಇಲ್ಲ.

ಎರಡು ಕಡಲಿಗೆ ಹರಿವ ನೀರು

ಗಾಳಿಯದು ಒಂದು ಲೆಕ್ಕವಾದರೆ ನೀರಿನದು ಇನ್ನೊಂದು. ‘ಅಲೋಹಾ’ ನೋಡುವುದು ಗಾಳಿಯನ್ನು ಮಾತ್ರ. ಸಕಲೇಶಪುರದ ಪಕ್ಕದಲ್ಲೇ ಹರಿಯುವ ಹೇಮಾವತಿ ಪೂರ್ವಕ್ಕೆ ಸಾಗಿ ಗೊರೂರಿನ ಜಲಾಶಯ ಸೇರಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಘಾಟಿಯಲ್ಲಿ ಹೆದ್ದಾರಿಯ ಜೊತೆಜೊತೆಗೇ ಇಳಿಯುವ ಕೆಂಪುಹೊಳೆಯ ನೀರು ಗುಂಡ್ಯ, ಕುಮಾರಧಾರಾಗಳ ಮೂಲಕ ನೇತ್ರಾವತಿಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಮಂಗಳೂರು ನಗರ ಕುಡಿಯುವುದು ತುಂಬೆ ಅಣೆಕಟ್ಟೆಯಲ್ಲಿ ನಿಲ್ಲಿಸಿದ ಆ ನೇತ್ರಾವತಿಯ ನೀರನ್ನೇ. ದ್ರವರೂಪದ ವಿಷವಸ್ತುವೊಂದು ಚೆಲ್ಲಿದರೆ ಯಾವ ಊರಿನ ನಲ್ಲಿಯನ್ನು ಮೊದಲು ನಿಲ್ಲಿಸಬೇಕು ಎಂಬುದು ಟ್ಯಾಂಕರ್ ದಿಣ್ಣೆಯ ಯಾವ ಮಗ್ಗುಲಿಗೆ ಉರುಳಿತು ಎಂಬುದರ ಮೇಲೆ ನಿಂತಿದೆ.

ಈ ಅಪಾಯ ಕೇವಲ ಕಲ್ಪನೆಯಲ್ಲ. ಇದೇ ಹೆದ್ದಾರಿ ಘಟ್ಟವಿಳಿದು ಮುಂದೆ ಸಾಗುವಲ್ಲಿ, ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ, 2013ರ ಏಪ್ರಿಲ್ 9ರಂದು ಅನಿಲ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿಕೊಂಡಿತು. ರಸ್ತೆಬದಿಯ ಮನೆಗಳು ಸುಟ್ಟವು, ಹಲವರು ಪ್ರಾಣ ಕಳೆದುಕೊಂಡರು. ಅದಕ್ಕೆ ಮೊದಲು, 2012ರ ಆಗಸ್ಟ್‌ನಲ್ಲಿ, ಕೇರಳದ ಕಣ್ಣೂರು ಬಳಿಯ ಚಾಲದಲ್ಲೂ ಇಂಥದ್ದೇ ದುರಂತ ನಡೆದಿತ್ತು. ದ್ರವರೂಪದ ಅಡುಗೆ ಅನಿಲ ಹೊರಬಿದ್ದರೆ ಸುಮಾರು ಇನ್ನೂರೈವತ್ತು ಪಟ್ಟು ಹಿಗ್ಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬೆಳಗಿನ ಒಲೆಯ ಬೆಂಕಿಯೂ ಆ ಕಿಡಿಯಾಗಬಹುದು.

ಶಿರಾಡಿ ಘಾಟಿಯ ರಸ್ತೆಗೆ 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟ್ ಹಾಸಲಾಯಿತು. ಹೊಂಡ ತಪ್ಪಿತು, ಆದರೆ ಗುಡ್ಡ ಕುಸಿಯುವುದು ತಪ್ಪಲಿಲ್ಲ. 2018ರ ಆಗಸ್ಟ್‌ನಲ್ಲಿಯೂ 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿಯೂ ಮಣ್ಣು ಜಾರಿ ಸಂಚಾರ ನಿಂತಿತು. ರಸ್ತೆಯೇ ಮುಚ್ಚಿಹೋದ ದಿನ ಅಗ್ನಿಶಾಮಕ ವಾಹನ ಯಾವ ಕಡೆಯಿಂದ ಬರಬೇಕು ಎಂಬುದೂ ಈ ಲೆಕ್ಕದ ಒಂದು ಭಾಗವೇ.

ಫಲಕದ ಮೇಲಿನ ನಾಲ್ಕು ಅಂಕಿ

ಭಾರತದಲ್ಲಿ 1996ರ ರಾಸಾಯನಿಕ ಅಪಘಾತ ನಿಯಮಗಳು ಕೇಂದ್ರ, ರಾಜ್ಯ, ಜಿಲ್ಲೆ, ಸ್ಥಳೀಯ ಎಂಬ ನಾಲ್ಕು ಹಂತಗಳ ಬಿಕ್ಕಟ್ಟು ನಿರ್ವಹಣಾ ಸಮಿತಿಗಳನ್ನು ಕಲ್ಪಿಸಿದವು. 2000ರ ದಶಕದಲ್ಲಿ ಆಂಧ್ರಪ್ರದೇಶ, ಗುಜರಾತ್, ಮಹಾರಾಷ್ಟ್ರ ಮತ್ತು ತಮಿಳುನಾಡುಗಳ ದೊಡ್ಡ ಕಾರ್ಖಾನೆಗಳಿಗಾಗಿ ನಕ್ಷೆಯಾಧಾರಿತ ತುರ್ತು ಯೋಜನಾ ತಂತ್ರಾಂಶವೊಂದನ್ನು ಕೇಂದ್ರ ಪರಿಸರ ಸಚಿವಾಲಯ ಸಿದ್ಧಪಡಿಸಿತು. 2007ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ರಾಸಾಯನಿಕ ವಿಪತ್ತುಗಳ ಮಾರ್ಗಸೂಚಿ ಹೊರಡಿಸಿತು. ಈ ಚಿಂತನೆಯ ಕೇಂದ್ರದಲ್ಲಿರುವುದು ಹೆಚ್ಚಾಗಿ ಬೇಲಿಯೊಳಗಿನ ಕಾರ್ಖಾನೆ. ಚಕ್ರಗಳ ಮೇಲೆ ಓಡುವ ತೊಟ್ಟಿಗೆ ಬೇಲಿಯಿಲ್ಲ. ಅದು ಇಂದು ಬಾಳ್ಳುಪೇಟೆಯ ಎದುರು, ನಾಳೆ ಗುಂಡ್ಯದ ಎದುರು.

ಅದರ ಬೆನ್ನ ಮೇಲೆ ಒಂದು ಫಲಕವಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ವಸ್ತುವಿನ ಹೆಸರು, ವಿಶ್ವಸಂಸ್ಥೆ ಗೊತ್ತುಮಾಡಿದ ನಾಲ್ಕಂಕಿಯ ಸಂಖ್ಯೆ, ತುರ್ತು ಕ್ರಮದ ಸಂಕೇತ, ದೂರವಾಣಿ ಸಂಖ್ಯೆ ಅದರಲ್ಲಿರುತ್ತವೆ. 1075 ಎಂದರೆ ಅಡುಗೆ ಅನಿಲ, 1005 ಅಮೋನಿಯಾ, 1017 ಕ್ಲೋರಿನ್, 1203 ಪೆಟ್ರೋಲ್. ಈ ನಾಲ್ಕು ಅಂಕಿಗಳನ್ನು ಯಾರಾದರೂ ದೂರದಿಂದಲೇ ಓದಿ ಹೇಳಿದರೆ, ತಂತ್ರಾಂಶ ಉಳಿದದ್ದನ್ನು ಕ್ಷಣದಲ್ಲಿ ಹುಡುಕಿಕೊಡುತ್ತದೆ. ಇಂಥ ವಾಹನದ ಚಾಲಕನಿಗೆ ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷ್ ಓದು ಬರಹವೂ ಗೊತ್ತಿರಬೇಕೆಂದು ನಿಯಮವಿದೆ. ಆದರೆ ಅಪಘಾತದಲ್ಲಿ ಮೊದಲು ಪ್ರಜ್ಞೆ ತಪ್ಪುವವನು ಚಾಲಕನೇ. ಫಲಕವನ್ನು ಮೊದಲು ಕಾಣುವವರು ಬಸ್ಸಿಗೆ ಕಾಯುತ್ತಿದ್ದ ವಿದ್ಯಾರ್ಥಿ, ಚಹಾದಂಗಡಿಯಾತ, ತೋಟದ ಕೆಲಸಕ್ಕೆ ಹೊರಟ ಹೆಂಗಸರು. ಅಂಕಿಗಳಿಗೆ ಭಾಷೆಯ ತೊಡಕಿಲ್ಲ. ಅದನ್ನು ಓದಿ ಹೇಳಬೇಕು, ಹತ್ತಿರ ಹೋಗಬಾರದು, ಗಾಳಿಗೆ ಎದುರಾಗಿ ಮತ್ತು ದಿಬ್ಬದ ಕಡೆಗೆ ಸರಿಯಬೇಕು, ಬೆಂಕಿ ಕಡ್ಡಿ ಗೀರಬಾರದು ಎಂಬಷ್ಟು ತಿಳಿವಳಿಕೆ ಈ ದಾರಿಯ ಪ್ರತಿ ಶಾಲೆಯಲ್ಲೂ ಸಿಗಬೇಕಾದದ್ದು.

ನಾಲ್ಕು ದಶಕಗಳ ಹಿಂದೆ ಸಿಯಾಟಲ್‌ನ ವಿನ್ಯಾಸಕಾರರು ಕೇಳಿಕೊಂಡ ಪ್ರಶ್ನೆ ಸರಳವಾದದ್ದು: ಇದನ್ನು ಬಳಸುವವನು ಯಾರು, ಆ ಹೊತ್ತಿನಲ್ಲಿ ಅವನಿಗೆ ಏನು ಗೊತ್ತಿರುತ್ತದೆ? ಘಟ್ಟಕ್ಕೆ ಒಪ್ಪುವ ತಂತ್ರಾಂಶವನ್ನು ಕಟ್ಟುವವರೂ ಅದೇ ಪ್ರಶ್ನೆಯಿಂದ ಆರಂಭಿಸಬೇಕು. ಕಣಿವೆಯ ಏರಿಳಿತವನ್ನು ಅಳೆದ ನಕ್ಷೆಗಳು ಈಗ ದೊರೆಯುತ್ತವೆ, ಗುಡ್ಡಗಳ ನಡುವಿನ ಗಾಳಿಯನ್ನು ಲೆಕ್ಕ ಹಾಕುವ ಗಣಿತವೂ ಬೆಳೆದಿದೆ. ಅದಕ್ಕೆ ಬೇಕಾದ ಇನ್ನೊಂದು ಅರ್ಧ ಮಾಹಿತಿ, ಅಂದರೆ ಯಾವ ತಗ್ಗಿನಲ್ಲಿ ಮಂಜು ನಿಲ್ಲುತ್ತದೆ, ಯಾವ ಹಳ್ಳ ಯಾವ ಕೇರಿಯನ್ನು ಮುಟ್ಟುತ್ತದೆ, ರಾತ್ರಿ ಹೊತ್ತು ದಿಬ್ಬಕ್ಕೆ ಹತ್ತುವ ಕಾಲುದಾರಿ ಎಲ್ಲಿದೆ ಎಂಬುದು ಸಕಲೇಶಪುರ, ಆಲೂರುಗಳ ಜನರ ಬಳಿ ಇದೆ. ಮಂಜರಾಬಾದಿನ ಕೋಟೆಯನ್ನು ಕಟ್ಟುವವನು ದಾರಿಯನ್ನು ನೋಡಲು ಆರಿಸಿಕೊಂಡದ್ದು ಎತ್ತರದ ಜಾಗವನ್ನು. ಅದೇ ದಾರಿಯಲ್ಲಿ ಇಂದು ಏರುವ ಟ್ಯಾಂಕರಿನ ಅಪಾಯವನ್ನು ಅಳೆಯಬೇಕಾದವರು ತಗ್ಗಿನ ಗದ್ದೆಗೆ ಇಳಿದು, ಅಲ್ಲಿನವರನ್ನು ಕೇಳಬೇಕಾಗುತ್ತದೆ.